ತವರಿನಲ್ಲಿ ತೊಗರಿ, ಮನೆಯಲ್ಲಿ ಅರ್ಧ ಕಿಲೋ ಬೇಳೆ

ಪ್ರಶ್ನೆ: ಅಕ್ಕೋರೆ, ನಮ್ಮದು ಕಲಬುರಗಿ. ಬ್ರಹ್ಮಪುರದಲ್ಲಿ ಬಾಡಿಗೆ ಮನೆ. ನಾನು, ನಮ್ಮ ಮನೆಯವರು, ಅತ್ತೆ, ಇಬ್ಬರು ಮಕ್ಕಳು. ಮನೆಯವರಿಗೆ ಬಟ್ಟೆ ಅಂಗಡಿಯಲ್ಲಿ 18,000 ಸಂಬಳ. ನನಗೆ ಹೊಲಿಗೆಯಿಂದ ಆರು ಸಾವಿರ ಬರುತ್ತದೆ, ಹಬ್ಬದ ತಿಂಗಳಲ್ಲಿ ಸ್ವಲ್ಪ ಜಾಸ್ತಿ. ಗೃಹಲಕ್ಷ್ಮಿ ಎರಡು ಸಾವಿರ. ಕಾರ್ಡು ಎಪಿಎಲ್. ಮೂರು ವರ್ಷದ ಹಿಂದೆ ಕಿರಾಣಿ 6,500ರಲ್ಲಿ ಮುಗಿಯುತ್ತಿತ್ತು, ಈಗ 9,500. ಹಾಲು, ಕಾಯಿಪಲ್ಯ ಸೇರಿದರೆ 13,000. ಸಾಮಾನೆಲ್ಲ ಓಣಿಯ ಅಂಗಡಿಯಿಂದ ಉದ್ರಿ ತರುತ್ತೇವೆ. ಅಲ್ಲಿ ತೊಗರಿಬೇಳೆ ಕಿಲೋಗೆ 130. ಎಣ್ಣೆ ತಿಂಗಳಿಗೆ ಏಳು ಪ್ಯಾಕೆಟ್ ಬೇಕು. ಬೇಳೆ ಐದು ಕಿಲೋದಿಂದ ಮೂರಕ್ಕೆ ಇಳಿಸಿ ಸಾರು ತೆಳ್ಳಗೆ ಮಾಡುತ್ತಿದ್ದೇನೆ. ತವರು ಆಳಂದ ಕಡೆ, ಅಣ್ಣ ತೊಗರಿ ಬೆಳೆಯುತ್ತಾನೆ. ‘ತೊಗರಿ ಬೆಳೆಯೋರ ಮನಿ ಮಗಳು ಬ್ಯಾಳಿ ಎಣಿಸಿ ಹಾಕ್ತಾಳ’ ಅಂತ ಅತ್ತೆ ಆಡಿಕೊಳ್ಳುತ್ತಾರೆ. ಇನ್ನೂ ಎಲ್ಲಿ ಕಡಿಮೆ ಮಾಡಲಿ?

ಉತ್ತರ: ತಂಗೀ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಅತ್ತೆಯ ಮಾತಿನಲ್ಲೇ ಇದೆ. ಅವರು ಚುಚ್ಚುವುದಕ್ಕೆ ಹೇಳಿರಬಹುದು, ನಾನು ಅದನ್ನೇ ಹಿಡಿದುಕೊಂಡು ಹೊರಡುತ್ತೇನೆ. ಜನವರಿಯಲ್ಲಿ ನಿಮ್ಮ ಅಣ್ಣ ತೊಗರಿ ಚೀಲ ಹೇರಿಕೊಂಡು ಧಾನ್ಯದ ಸಗಟು ಮಾರುಕಟ್ಟೆಯಾದ ಕಲಬುರಗಿ ಗಂಜ್‌ಗೆ ಬರುತ್ತಾರೆ ತಾನೇ? ಗಂಜ್‌ನಿಂದ ನಿಮ್ಮ ಮನೆ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಆದರೆ ಆ ತೊಗರಿ ದಾಲ್ ಮಿಲ್ಲಿಗೆ ಹೋಗಿ, ಸಗಟು ವ್ಯಾಪಾರಿ ಕೈ ದಾಟಿ, ಓಣಿಯ ಅಂಗಡಿಗೆ ಬಂದು, ಆಗಸ್ಟ್ ತಿಂಗಳಲ್ಲಿ ಅರ್ಧರ್ಧ ಕಿಲೋ ಆಗಿ, ಅದೂ ಉದ್ರಿಯಲ್ಲಿ ನಿಮ್ಮ ಡಬ್ಬಿ ಸೇರುತ್ತದೆ. ಅಣ್ಣ ಮಾರುವಾಗ ವರ್ಷದಲ್ಲೇ ಕಡಿಮೆ ರೇಟು, ತಂಗಿ ಕೊಳ್ಳುವಾಗ ವರ್ಷದಲ್ಲೇ ಜಾಸ್ತಿ ರೇಟು. ನಿಮ್ಮ ಒಂದು ಮನೆಯ ಕಥೆಯಲ್ಲ ಇದು. ತೊಗರಿ ಕಣಜ ಅಂತ ಹೆಸರಾದ ಊರಿನಲ್ಲಿ, 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದ ತೊಗರಿಯ ಊರಿನಲ್ಲಿ, ಸಂಬಳದ ಮನೆಗಳೆಲ್ಲ ಹೀಗೇ ಬದುಕುತ್ತಿವೆ. ನಾನೂ ಬಹಳ ವರ್ಷ ಹೀಗೇ ಮಾಡಿದೆ.

ಮೊದಲು ಒಂದು ಮಾತು. ಸಾರು ತೆಳ್ಳಗೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಊಟದ ಲೆಕ್ಕದ ಪ್ರಕಾರ, ದೊಡ್ಡವರೊಬ್ಬರಿಗೆ ದಿನಕ್ಕೆ ಬೇಳೆ ಕಾಳು ಎಲ್ಲ ಸೇರಿ 85 ಗ್ರಾಂ ಬೇಕು. ಐದು ಜನಕ್ಕೆ ತಿಂಗಳಿಗೆ ಹನ್ನೆರಡು ಕಿಲೋ ದಾಟುತ್ತದೆ. ಸಣ್ಣ ಮಕ್ಕಳು, ವಯಸ್ಸಾದವರು ಅಂತ ಕಡಿಮೆ ಹಿಡಿದರೂ ಒಂಬತ್ತು ಹತ್ತು ಕಿಲೋ. ನೀವು ಮೊದಲೇ ಐದರಲ್ಲಿದ್ದಿರಿ, ಈಗ ಮೂರು! ಬೆಲೆ ಏರಿದಾಗ ನಮ್ಮ ಹೆಣ್ಣುಮಕ್ಕಳ ಕತ್ತರಿ ಮೊದಲು ಬೀಳುವುದು ಬೇಳೆಗೆ, ಹಾಲಿಗೆ, ಆಮೇಲೆ ತಮ್ಮದೇ ತಟ್ಟೆಗೆ. ನಿಮ್ಮ ಪತ್ರದಲ್ಲಿ ನೀವೇನು ಉಣ್ಣುತ್ತೀರಿ ಅಂತ ಬರೆದಿಲ್ಲ. ನನಗೆ ಅಂದಾಜಿದೆ, ಬಿಡಿ.

ಬೇಳೆಯ ಒಟ್ಟು ಪ್ರಮಾಣ ಇಳಿಸಬೇಡಿ, ಜಾತಿ ಬದಲಿಸಿ. ಐದು ಕಿಲೋ ತೊಗರಿಯೇ ಆಗಬೇಕು ಅಂತ ಎಲ್ಲಿ ಬರೆದಿದೆ? ತೊಗರಿ ಮೂರು ಇರಲಿ. ಜತೆಗೆ ಮಸೂರ್, ಕಡಲೆಬೇಳೆ, ಹೆಸರು, ಮಡಿಕೆ ಕಾಳು ಸೇರಿ ನಾಲ್ಕೈದು ಕಿಲೋ ಬರಲಿ. ತೊಗರಿ ದುಬಾರಿಯಾದ ವರ್ಷ ಮಸೂರ್, ಕಡಲೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ರೇಟಿನಲ್ಲಿ ಸಿಗುತ್ತವೆ. ನಮ್ಮೂರಿನ ಮುಸಲ್ಮಾನರ ಮನೆಗಳಲ್ಲಿ ಬೆಳಗಿನ ಖಿಚಡಿ ಮಸೂರ್ ಬೇಳೆಯದೇ, ಮೇಲೆ ಹುಣಸೆಯ ಖಟ್ಟಾ. ಎಷ್ಟು ರುಚಿ, ಎಷ್ಟು ಕಡಿಮೆ ಖರ್ಚು! ಸಾರಿಗೂ ಅರ್ಧ ತೊಗರಿ, ಅರ್ಧ ಮಸೂರ್ ಹಾಕಿ ನೋಡಿ. ಅತ್ತೆಗೆ ಮೊದಲೇ ಹೇಳಬೇಡಿ. ವಾರದಲ್ಲಿ ಒಂದು ದಿನ ಝುಣಕ, ಒಂದು ದಿನ ಮೊಳಕೆ ಮಡಿಕೆಯ ಪಲ್ಯ, ಒಂದು ದಿನ ಪುಂಡಿಪಲ್ಯಕ್ಕೆ ಕಡಲೆಬೇಳೆ. ಪುಂಡಿ ಹುಳಿಯಾದ್ದರಿಂದ ಅವತ್ತು ಟೊಮೆಟೊ, ಹುಣಸೆ ಎರಡೂ ಬೇಡ. ಒಂದೇ ಎಚ್ಚರಿಕೆ: ತೀರ ಅಗ್ಗಕ್ಕೆ ಸಿಗುವ ತೊಗರಿಬೇಳೆಯನ್ನು ಅಂಗೈ ಮೇಲೆ ಹರಡಿ ನೋಡಿ. ತೊಗರಿ ದುಂಡಗೆ. ಚಪ್ಪಟೆಯಾಗಿ, ಮೂಲೆ ಮೂಲೆಯಾಗಿ ಕೊಡಲಿಯ ಬಾಯಿಯಂಥ ಬೇಳೆ ಬೆರೆತಿದ್ದರೆ ಅದು ಕೇಸರಿ ಬೇಳೆ ಇರಬಹುದು. ಅದನ್ನು ದಿನಾ ತಿಂದರೆ ಕಾಲಿನ ಶಕ್ತಿ ಹೋಗುತ್ತದೆ.

ಈಗ ತೊಗರಿಯ ರೇಟಿಗೆ ಬರೋಣ. ನಮ್ಮ ಹೊಲದ್ದೇ ಬೇಳೆ ನಮಗೇಕೆ ದುಬಾರಿ ಅಂತ ಬಹಳ ಜನ ಕೇಳುತ್ತಾರೆ. ರೇಟು ಕಲಬುರಗಿಯೊಂದರಲ್ಲೇ ತಯಾರಾಗುವುದಿಲ್ಲ. ನಮ್ಮ ದೇಶ ಉಣ್ಣುವಷ್ಟು ತೊಗರಿ ನಮ್ಮ ದೇಶದಲ್ಲೇ ಬೆಳೆಯುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದ ಬರುತ್ತದೆ. ನಮ್ಮಲ್ಲಿ 2022ರಲ್ಲಿ ಆದ ಹಾಗೆ ನೆಟೆ ರೋಗ ಬಡಿದು ನಿಂತ ಗಿಡ ಒಣಗಿತೋ, ಮರುವರ್ಷ ರೇಟು ಏರುತ್ತದೆ. 2023ರ ಬರದ ನಂತರ ಏನಾಯಿತು ನೆನಪಿದೆಯಲ್ಲ? ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,000. ಗಂಜ್‌ನಲ್ಲಿ ಹತ್ತು ಸಾವಿರ ದಾಟಿ ಹೋಯಿತು. ಆಮೇಲೆ ಒಳ್ಳೆ ಬೆಳೆ ಬಂತು, ಹೊರಗಿನ ಮಾಲೂ ಬಂತು, 2025ರ ಹೊಸ ವರ್ಷಕ್ಕೆ ಸರ್ರನೆ ಇಳಿಯಿತು. 2025-26ಕ್ಕೆ ಬೆಂಬಲ ಬೆಲೆ 8,000 ನಿಗದಿಯಾಯಿತು.

ನಿಮಗೊಂದು ಸರಳ ಲೆಕ್ಕ ಹೇಳಿಕೊಡುತ್ತೇನೆ. ಒಂದು ಕ್ವಿಂಟಲ್ ತೊಗರಿ ಒಡೆದರೆ ಎಪ್ಪತ್ತು, ಎಪ್ಪತ್ತೈದು ಕಿಲೋ ಬೇಳೆ ಸಿಗುತ್ತದೆ. ಉಳಿದದ್ದು ಹೊಟ್ಟು, ನುಚ್ಚು. ಅದಕ್ಕೆ ಮಿಲ್ಲಿನ ಖರ್ಚು, ವ್ಯಾಪಾರಿಯ ಲಾಭ ಸೇರಿಸಿ. ಹಾಗಾಗಿ ಗಂಜ್‌ನ ತೊಗರಿ ರೇಟನ್ನು ಕಿಲೋಗೆ ಇಳಿಸಿ ಒಂದೂವರೆ ಪಟ್ಟು ಮಾಡಿದರೆ ಬೇಳೆಯ ನ್ಯಾಯವಾದ ಬೆಲೆ ಹತ್ತಿರ ಹತ್ತಿರ ಬರುತ್ತದೆ. ತೊಗರಿ ಕ್ವಿಂಟಲ್‌ಗೆ 7,000 ಇದೆ ಅನ್ನಿ. ಕಿಲೋಗೆ 70. ಬೇಳೆ 105ರಿಂದ 110. ತೊಗರಿ 8,000 ಇದ್ದರೆ ಬೇಳೆ 120. ಗಂಜ್ ರೇಟು ಅಣ್ಣನಿಗೆ ಫೋನ್ ಮಾಡಿದರೆ ಗೊತ್ತಾಗುತ್ತದೆ, ಪೇಪರ್‌ನಲ್ಲೂ ಬರುತ್ತದೆ. ಅಂಗಡಿಯ ರೇಟು ಈ ಲೆಕ್ಕಕ್ಕಿಂತ ಇಪ್ಪತ್ತು ರೂಪಾಯಿ ಮೇಲಿದ್ದರೆ, ಆ ಇಪ್ಪತ್ತು ಬೇಳೆಯದ್ದಲ್ಲ. ಉದ್ರಿಯದ್ದು.

ಹಾಗಾದರೆ ಏನು ಮಾಡಬೇಕು? ಕಿರಾಣಿಯನ್ನು ಸಂಬಳದ ತಾರೀಖು ನೋಡಿ ತರಬೇಡಿ, ಸುಗ್ಗಿ ನೋಡಿ ತನ್ನಿ. ಎಲ್ಲ ಸಾಮಾನಲ್ಲ, ಕೆಡದೆ ಉಳಿಯುವಂಥವು ಮಾತ್ರ. ನಮ್ಮ ಅವ್ವ ಹೇಳುತ್ತಿದ್ದಳು, ‘ಸುಗ್ಗಿಯೊಳಗ ಕೈ ಬಿಗಿ ಹಿಡದಾಕಿ ಮಳಿಗಾಲದಾಗ ಬಾಯಿ ಬಿಗಿ ಹಿಡೀಬೇಕಾಗ್ತದ.’ ಅವಳ ಕಾಲದಲ್ಲಿ ಹಗೇವು ಇತ್ತು, ಜೋಳ ನೆಲದೊಳಗಿರುತ್ತಿತ್ತು. ನಮಗೆ ಬಾಡಿಗೆ ಮನೆಯಲ್ಲಿ ಮಂಚದ ಕೆಳಗೆ ಎರಡು ಡ್ರಮ್ಮಿಗೆ ಜಾಗ ಸಿಕ್ಕರೆ ಪುಣ್ಯ. ಅಷ್ಟೇ ಸಾಕು.

ನಮ್ಮ ಕಡೆಯ ಲೆಕ್ಕ ಹೀಗಿದೆ. ಜನವರಿಯಿಂದ ಮಾರ್ಚ್ ತನಕ ಹೊಸ ತೊಗರಿ. ಬ್ಯಾಡಗಿ ಮೆಣಸಿನಕಾಯಿ ಬರುವುದೂ ಆಗಲೇ. ಫೆಬ್ರವರಿ ಮಾರ್ಚಿಗೆ ಹಿಂಗಾರಿ ಬಿಳಿಜೋಳ, ಕಡಲೆ, ಹೊಸ ಹುಣಸೆ. ಬೇಸಿಗೆ ಶುರುವಾದರೆ ಗೋಧಿ, ಬಳ್ಳೊಳ್ಳಿ, ಅದರ ಹಿಂದೆಯೇ ಇಟ್ಟು ತಿನ್ನುವ ಉಳ್ಳಾಗಡ್ಡಿ. ಆಗಸ್ಟ್ ಕೊನೆ, ಸೆಪ್ಟೆಂಬರಿಗೆ ಹೆಸರು, ಉದ್ದು. ದೀಪಾವಳಿ ಸುಮಾರಿಗೆ ಶೇಂಗಾ. ಇನ್ನು ಉಲ್ಟಾ ನೋಡಿ. ಬೇಸಿಗೆಯ ಉಳ್ಳಾಗಡ್ಡಿ ದಾಸ್ತಾನು ಖಾಲಿಯಾಗಿ ಹೊಸದು ಬರುವ ಮುಂಚೆ, ಅಂದರೆ ಸೆಪ್ಟೆಂಬರಿನಿಂದ ನವೆಂಬರ್ ತನಕ, ಅದರ ರೇಟು ಕಣ್ಣಲ್ಲಿ ನೀರು ತರಿಸುತ್ತದೆ. 2024ರ ಕೊನೆಗೆ ಬಳ್ಳೊಳ್ಳಿ ಕಿಲೋಗೆ ಮುನ್ನೂರು ದಾಟಿತ್ತು, ಅಲ್ವಾ? ಅದೇ ವರ್ಷ ಏಪ್ರಿಲ್‌ನಲ್ಲಿ ಐದು ಕಿಲೋ ಗೊಂಚಲು ಕಟ್ಟಿ ತೂಗುಹಾಕಿದವರು ಡಿಸೆಂಬರ್ ತನಕ ಆ ಕಡೆ ತಿರುಗಿಯೂ ನೋಡಲಿಲ್ಲ.

ಇಲ್ಲಿ ನನ್ನದೇ ಒಂದು ಪೆಟ್ಟು ಹೇಳಬೇಕು. 2024ರ ಜೂನ್‌ನಲ್ಲಿ ಬೇಳೆ ದಿನೇ ದಿನೇ ಏರುತ್ತಿತ್ತು. ಇನ್ನೂರು ಆಗುತ್ತದಂತೆ, ಇನ್ನೂರೈವತ್ತು ಆಗುತ್ತದಂತೆ ಅಂತ ಓಣಿಯಲ್ಲೆಲ್ಲ ಅದೇ ಮಾತು. ನಾನು ಹೆದರಿ ಇಪ್ಪತ್ತೈದು ಕಿಲೋ ತಂದುಬಿಟ್ಟೆ. ಊರಿಗೆಲ್ಲ ಲೆಕ್ಕ ಹೇಳುವವಳು! ಬೇಳೆ ಇನ್ನೂ ಡಬ್ಬಿಯಲ್ಲಿ ಇರುವಾಗಲೇ ಹೊಸ ತೊಗರಿ ಬಂತು, ರೇಟು ಬಿತ್ತು. ಪಕ್ಕದ ಮನೆಯವರು ಹೊಸ ಬೇಳೆ ಕಡಿಮೆಗೆ ತಂದು ಉಣ್ಣುತ್ತಿದ್ದರೆ ನಾನು ಮಾರ್ಚ್ ತನಕ ಆ ದುಬಾರಿ ಬೇಳೆಯನ್ನೇ ಉಂಡೆ. ಕೂಡಿಡುವುದು ಸುಗ್ಗಿಯಲ್ಲಿ. ಏರುವಾಗ ಹೆದರಿ ಕೂಡಿಟ್ಟರೆ ಅದು ವ್ಯಾಪಾರಿಯ ದಾಸ್ತಾನು ಖಾಲಿ ಮಾಡಿಕೊಟ್ಟ ಹಾಗೆ. ಇನ್ನೊಂದು, ಸುಗ್ಗಿಯಲ್ಲೂ ವರ್ಷದ್ದೆಲ್ಲ ಒಮ್ಮೆಗೇ ತರಬೇಡಿ. ಒಂದೊಂದು ವರ್ಷ ರೇಟು ಏರುವ ಬದಲು ಇಳಿಯುವುದೂ ಉಂಟು. ಆರು ತಿಂಗಳದ್ದು ತನ್ನಿ. ಏರಿದರೆ ನಿಮ್ಮ ಹತ್ತಿರ ಮಾಲಿದೆ, ಇಳಿದರೆ ಉಳಿದ ಆರು ತಿಂಗಳದ್ದು ಅಗ್ಗಕ್ಕೆ ಸಿಗುತ್ತದೆ.

ಅಣ್ಣನ ಹೊಲದ ತೊಗರಿಯ ಲೆಕ್ಕ ಹಾಕೋಣ. ಐವತ್ತು ಕಿಲೋ ತೊಗರಿ, ಗಂಜ್ ರೇಟು 7,000 ಅಂತ ಹಿಡಿದರೆ 3,500 ರೂಪಾಯಿ. ಆ ದುಡ್ಡನ್ನು ಅಣ್ಣನಿಗೆ ಕೊಡಿ. ಅವರು ಬೇಡ ಅಂತಾರೆ, ಆದರೂ ಕೊಡಿ. ತವರಿನಿಂದ ಒಂದು ವರ್ಷ ಪುಕ್ಕಟೆ ತಂದರೆ ಎರಡನೇ ವರ್ಷ ಕೇಳುವುದಕ್ಕೆ ನಾಲಿಗೆ ಬರುವುದಿಲ್ಲ. ಅಣ್ಣನಿಗೂ ಆ ಒಂದು ಚೀಲದ ಗಾಡಿ ಬಾಡಿಗೆ, ಹಮಾಲಿ ಉಳಿಯುತ್ತದೆ. ಸಣ್ಣ ಗಿರಣಿಯಲ್ಲಿ ಒಡೆಸುವ ಕೂಲಿ, ಆಟೋ ಎಲ್ಲ ಸೇರಿ ಮುನ್ನೂರು ನಾನ್ನೂರು ಅಂತ ಇಟ್ಟುಕೊಳ್ಳಿ. ಒಟ್ಟು 3,900. ಸಣ್ಣ ಗಿರಣಿಯಲ್ಲಿ ದೊಡ್ಡ ಮಿಲ್ಲಿನಷ್ಟು ಬೇಳೆ ಇಳಿಯುವುದಿಲ್ಲ, ಮೂವತ್ತನಾಲ್ಕು ಕಿಲೋ ಸಿಕ್ಕಿತು ಅನ್ನಿ. ಕಿಲೋಗೆ 115 ಬಿತ್ತು. ನೀವು ಕೊಡುತ್ತಿರುವುದು 130. ಒಂದು ಚೀಲಕ್ಕೆ ಐನೂರು ರೂಪಾಯಿ ಉಳಿಯಿತು. ತಿಂಗಳಿಗೆ ಮೂರು ಕಿಲೋದಂತೆ ಇದು ಹನ್ನೊಂದು ತಿಂಗಳು ಬರುತ್ತದೆ, ಹಾಗಾಗಿ ಆರು ತಿಂಗಳದ್ದು ಇಟ್ಟುಕೊಂಡು ಉಳಿದದ್ದನ್ನು ಪಕ್ಕದ ಮನೆಯವರ ಜತೆ ಹಂಚಿಕೊಳ್ಳಿ.

ಇಷ್ಟೇನಾ ಅನ್ನಿಸಿತಾ? ಇವತ್ತಿನ ರೇಟಿಗೆ ಇಷ್ಟೇ. ಇದರ ಲಾಭ ಆಗಸ್ಟಿನಲ್ಲಿ ಗೊತ್ತಾಗುವುದು. ಬೇಳೆ 160 ಆದ ದಿನವೂ ನಿಮ್ಮದು 115ರ ಬೇಳೆ. ಜತೆಗೆ ನುಚ್ಚು ಬರುತ್ತದೆ, ಅದನ್ನು ಗಿರಣಿಯಲ್ಲೇ ಬಿಟ್ಟು ಬರಬೇಡಿ. ಗಂಜ್‌ನಲ್ಲಿ ಹೊಳೆಯುವ ದಪ್ಪ ಬೇಳೆಗೆ ಫಟ್ಕಾ ಅಂತಾರೆ, ಅದಕ್ಕೆ ಜಾಸ್ತಿ ರೇಟು. ಸಾರಿನಲ್ಲಿ ಹೇಗೂ ಕಡೆಯುತ್ತೇವೆ, ಹೂರಣದಲ್ಲಿ ಹೇಗೂ ರುಬ್ಬುತ್ತೇವೆ. ತುಂಡು ಬೇಳೆಗೆ ಏನು ಕಡಿಮೆ? ಫಟ್ಕಾ ಬೇಕಾಗುವುದು ಬೀಗರು ಬಂದಾಗ.

ಇಡುವುದು ಮುಖ್ಯ. ಇಡಿ ತೊಗರಿಗೆ ಹುಳ ಬೇಗ ಬೀಳುತ್ತದೆ. ಒಡೆದ ಬೇಳೆಗೆ ಅಷ್ಟಿಲ್ಲ. ಅದಕ್ಕೇ ಹಿಂದಿನವರು ತೊಗರಿ ನೆನೆಸಿ, ಕೆಮ್ಮಣ್ಣು ಕಟ್ಟಿ, ಒಣಗಿಸಿ, ಒಡೆದೇ ಇಡುತ್ತಿದ್ದದ್ದು. ಬೇಳೆಯನ್ನು ಎರಡು ದಿನ ಕಡಕ್ ಬಿಸಿಲಿಗೆ ಹಾಕಿ. ಬಿಸಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು, ಬಿಸಿಯಲ್ಲೇ ತುಂಬಿದರೆ ಒಳಗೆ ಬೆವರುತ್ತದೆ. ಕಿಲೋಗೆ ಒಂದು ಚಮಚ ಎಣ್ಣೆ ಸವರಿದರೆ ಹುಳ ಹತ್ತಿರ ಬರುವುದಿಲ್ಲ. ನಮ್ಮಲ್ಲಿ ಹರಳೆಣ್ಣೆಯೇ ರೂಢಿ, ಬೇಯಿಸುವ ಮುಂಚೆ ಚೆನ್ನಾಗಿ ತೊಳೆಯಬೇಕು ಅಷ್ಟೆ. ಜೋಳಕ್ಕೆ ಒಣಗಿದ ಬೇವಿನೆಲೆ. ಹಿಟ್ಟು ಮಾತ್ರ ಎಂಟು ಹತ್ತು ದಿನದ್ದಷ್ಟೇ ಬೀಸಿಸಿ. ಜೋಳದ ಹಿಟ್ಟು ಹಳತಾದರೆ ಕಹಿ, ರೊಟ್ಟಿಯೂ ಸೀಳುತ್ತದೆ. ಉಳ್ಳಾಗಡ್ಡಿ ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಇಡಬೇಡಿ, ಎರಡೂ ಕೆಡುತ್ತವೆ.

ನಮ್ಮ ಹತ್ತಿರ ಅಷ್ಟು ದುಡ್ಡು ಒಮ್ಮೆಗೇ ಎಲ್ಲಿಂದ ಬರಬೇಕು ಅಂತ ನೀವು ಕೇಳುವ ಮುಂಚೆ ನಾನೇ ಕೇಳಿಕೊಳ್ಳುತ್ತೇನೆ. ಗೃಹಲಕ್ಷ್ಮಿ ಹಣದಲ್ಲಿ ಅರ್ಧ, ತಿಂಗಳಿಗೆ ಒಂದು ಸಾವಿರ, ಬೇರೆ ಇಡಿ. ಅದು ಒಮ್ಮೊಮ್ಮೆ ತಡವಾಗಿ, ಎರಡು ಕಂತು ಒಟ್ಟಿಗೆ ಬರುತ್ತದೆ. ಹಾಗಾಗಿ ಆ ಹಣದ ಮೇಲೆ ದಿನದ ಖರ್ಚು ನಿಲ್ಲಿಸಬಾರದು, ಇಂಥದ್ದಕ್ಕೇ ಅದು ಸರಿ. ವರ್ಷಕ್ಕೆ 12,000 ಆಗುತ್ತದೆ. ಇನ್ನೊಂದು ಅನುಕೂಲ ನಿಮಗೇ ಇದೆ. ಹೊಲಿಗೆಯವರಿಗೆ ದಸರಾ, ದೀಪಾವಳಿಗೆ ಕೈ ತುಂಬ ಕೆಲಸ. ಆ ಹೆಚ್ಚಿನ ದುಡ್ಡು ಬರುವುದು ತೊಗರಿ ರಾಶಿಗೆ ಎರಡು ತಿಂಗಳು ಮುಂಚೆ. ಅದನ್ನು ಹೊಸ ಸೀರೆಗೆ ಹಾಕಬೇಡಿ ಅಂತ ನಾನು ಹೇಳುವುದಿಲ್ಲ, ಅರ್ಧ ಹಾಕಿ. ಓಣಿಯಲ್ಲಿ ಭಿಸಿ (ಚೀಟಿ) ಆಡುತ್ತಿದ್ದರೆ ನಿಮ್ಮ ನಂಬರನ್ನು ಜನವರಿ ಇಲ್ಲವೇ ಫೆಬ್ರವರಿಗೆ ಕೇಳಿ ಇಟ್ಟುಕೊಳ್ಳಿ. ಮೊದಲ ವರ್ಷ ಮೂರೇ ಸಾಮಾನು: ಬೇಳೆ, ಮೆಣಸಿನಕಾಯಿ, ಹುಣಸೆ. ಜೋಳ ಮುಂದಿನ ವರ್ಷ ನೋಡೋಣ.

ಉದ್ರಿಯ ವಿಷಯ ನಿಧಾನವಾಗಿ ಹೇಳಬೇಕು. ಅಂಗಡಿಯವರು ಕೆಟ್ಟವರಲ್ಲ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಇಂಥ ಅಂಗಡಿಯ ಉದ್ರಿಯಿಂದಲೇ. ಅವರು ಬಡ್ಡಿ ಕೇಳುವುದಿಲ್ಲ. ಆದರೆ ನೀವೂ ರೇಟು ಕೇಳುವುದಿಲ್ಲ. ಮಗನ ಕೈಯಲ್ಲಿ ಪುಸ್ತಕ ಕಳಿಸುತ್ತೀರಿ, ಅವರು ಕೊಟ್ಟದ್ದು ಬರುತ್ತದೆ, ಬರೆದದ್ದು ಲೆಕ್ಕ. ದುಡ್ಡು ಬಾಕಿ ಇರುವಾಗ ‘ಯಾಕ್ರೀ ಇಷ್ಟು’ ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಆ ಸಂಕೋಚಕ್ಕೇ ನೀವು ಕಿಲೋಗೆ ಹತ್ತು ಇಪ್ಪತ್ತು ಕೊಡುತ್ತಿರುವುದು.

ಖಾತೆಯನ್ನು ಒಂದೇ ಸಲ ಮುಚ್ಚಲು ಹೋಗಬೇಡಿ. ಅದು ಆಗುವುದಿಲ್ಲ, ಮನಸ್ಸೂ ಕೆಡುತ್ತದೆ. ಮುಂದಿನ ತಿಂಗಳು ಗೃಹಲಕ್ಷ್ಮಿಯ ಒಂದು ಕಂತು ಹಿಡಿದುಕೊಂಡು ಎಣ್ಣೆ, ಬೇಳೆ, ಸಕ್ಕರೆ ಇಷ್ಟನ್ನೇ ಗಂಜ್ ಕಡೆಯ ಸಗಟು ಅಂಗಡಿಯಲ್ಲಿ ರೊಕ್ಕ ಕೊಟ್ಟು ತನ್ನಿ. ಅಷ್ಟರ ಮಟ್ಟಿಗೆ ಉದ್ರಿ ಬಿಲ್ಲು ಇಳಿಯುತ್ತದೆ. ಆ ಉಳಿದ ದುಡ್ಡಿನಿಂದ ಅದರ ಮುಂದಿನ ತಿಂಗಳು ಅಕ್ಕಿ, ಚಹಾಪುಡಿ. ಹೀಗೆ ನಾಲ್ಕೈದು ತಿಂಗಳಲ್ಲಿ ಪುಸ್ತಕ ತೆಳ್ಳಗಾಗುತ್ತದೆ. ಸಾರು ತೆಳ್ಳಗಾಗುವುದಕ್ಕಿಂತ ಅದು ಒಳ್ಳೆಯದಲ್ಲವೇ? ಓಣಿಯ ಅಂಗಡಿಯನ್ನು ಪೂರ್ತಿ ಬಿಡಬೇಡಿ. ಕಷ್ಟ ಯಾವಾಗ ಬರುತ್ತದೋ ಗೊತ್ತಿಲ್ಲ. ಸಾಬೂನು, ಉಪ್ಪು, ಬೆಂಕಿಪೊಟ್ಟಣ ಅಲ್ಲೇ ತನ್ನಿ, ರೊಕ್ಕ ಕೊಟ್ಟೇ ತನ್ನಿ.

ಸಗಟು ಅಂಗಡಿಗೆ ಹೋದಾಗ ಒಂದು ಗೊತ್ತಿರಲಿ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕಿಲೋದ ಚೀಲದ ತನಕ ನೂರಕ್ಕೆ ಐದು ಜಿಎಸ್‌ಟಿ ಇದೆ. ಬಿಡಿಯಾಗಿ ತೂಗಿಸಿಕೊಂಡರೆ ಇಲ್ಲ. 25 ಕಿಲೋ ದಾಟಿದ ಚೀಲಕ್ಕೂ ಇಲ್ಲ. ಅದಕ್ಕೇ ಈಗ 26 ಕಿಲೋದ ಅಕ್ಕಿ ಚೀಲ ಕಾಣುವುದು. ಆ ಒಂದು ಕಿಲೋ ಅಕ್ಕಿ ನಮ್ಮ ಮೇಲಿನ ಪ್ರೀತಿಗೆ ಹಾಕಿದ್ದಲ್ಲ. ಅಕ್ಕಪಕ್ಕದ ಇಬ್ಬರು ಮೂವರು ಸೇರಿ ದೊಡ್ಡ ಚೀಲ ತಂದು ಹಂಚಿಕೊಂಡರೆ ಆಟೋ ಬಾಡಿಗೆಯೂ ಹಂಚಿಹೋಗುತ್ತದೆ.

ಎಣ್ಣೆಗೆ ಬರೋಣ. ಇದು ನಿಮ್ಮ ಬಿಲ್ಲಿನ ದೊಡ್ಡ ತೂತು. ಬೇಳೆಯಂತೆ ಇದಕ್ಕೆ ಸುಗ್ಗಿ ಲೆಕ್ಕ ನಡೆಯುವುದಿಲ್ಲ. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಉಕ್ರೇನಿನಲ್ಲಿ ಯುದ್ಧವಾದರೆ ಬ್ರಹ್ಮಪುರದಲ್ಲಿ ಸೂರ್ಯಕಾಂತಿ ಎಣ್ಣೆ ಏರುತ್ತದೆ, ಇಂಡೋನೇಷ್ಯಾ ತಾಳೆ ಎಣ್ಣೆ ತಡೆದರೆ ಮಿರ್ಚಿ ಭಜಿಯ ಗಾತ್ರ ಇಳಿಯುತ್ತದೆ. 2022ರಲ್ಲಿ ಎರಡೂ ಒಂದೇ ವರ್ಷ ಆದವು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಣ್ಣೆಯ ಆಮದು ಸುಂಕ ಏರಿಸಿತು, 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಸುಂಕ ಸ್ವಲ್ಪ ಇಳಿಸಿತು. ಇದ್ಯಾವುದೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಚಮಚ. ನಾನು ಮೇಲೆ ಹೇಳಿದ ಊಟದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ. ಐದು ಜನಕ್ಕೆ ತಿಂಗಳಿಗೆ ನಾಲ್ಕೂವರೆ ಲೀಟರ್ ಆಯಿತು. ನಿಮ್ಮಲ್ಲಿ ಏಳು. ಐದಕ್ಕೆ ಇಳಿಸಿ. ಲೀಟರ್‌ಗೆ 160 ಹಿಡಿದರೂ 320 ರೂಪಾಯಿ.

ಇಳಿಸುವ ಉಪಾಯ ಅಂದರೆ, ಐದು ಪ್ಯಾಕೆಟ್ ಮಾತ್ರ ತಂದು ವಾರಕ್ಕೊಮ್ಮೆ ಅಳತೆಯಾಗಿ ಸಣ್ಣ ಬಾಟಲಿಗೆ ಹಾಕಿಕೊಳ್ಳುವುದು. ಬಾಟಲಿ ಗುರುವಾರಕ್ಕೇ ಖಾಲಿಯಾದರೆ ಶುಕ್ರವಾರ ಶನಿವಾರ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ. ನಮ್ಮ ರೊಟ್ಟಿಗೆ ಎಣ್ಣೆಯೇ ಬೇಡವಲ್ಲ! ಚಪಾತಿ, ಪೂರಿ, ಉಪ್ಪಿಟ್ಟು ಮನೆಗೆ ಬಂದ ಮೇಲೆ ಎಣ್ಣೆಯ ಖರ್ಚು ಏರಿದ್ದು. ಪ್ಯಾಕೆಟ್ ಕೊಳ್ಳುವಾಗ ರೇಟಿಗಿಂತ ಮೊದಲು ತೂಕ ಓದಿ. ಒಂದು ಲೀಟರ್ ಅಂದರೆ 910 ಗ್ರಾಂ ಇರಬೇಕು. ಈಗ 850, 800 ಗ್ರಾಂನ ಪ್ಯಾಕೆಟ್‌ಗಳೂ ಅದೇ ಗಾತ್ರ, ಅದೇ ಬಣ್ಣದಲ್ಲಿ ನಿಂತಿರುತ್ತವೆ. ಹತ್ತು ರೂಪಾಯಿ ಅಗ್ಗ ಅಂತ ತಂದರೆ ನೂರು ಗ್ರಾಂ ಕಡಿಮೆ. ಗ್ರಾಂ ಇಲ್ಲವೇ ಕಿಲೋ ಲೆಕ್ಕದ ಬೆಲೆಯನ್ನೂ ಪ್ಯಾಕೆಟ್ ಮೇಲೆ ಸಣ್ಣದಾಗಿ ಬರೆದಿರುತ್ತಾರೆ, ಅದನ್ನು ಹುಡುಕಿ. ಕಣ್ಣು ಸಾಲದಿದ್ದರೆ ಮಗಳಿಗೆ ಓದಲು ಹೇಳಿ. ಗಣಿತವೂ ಬರುತ್ತದೆ.

ನಿಮ್ಮ ಮಕ್ಕಳು ಐದು ರೂಪಾಯಿಯ ಕುರುಕಲು ತಿಂಡಿ ಪ್ಯಾಕೆಟ್ ತಿನ್ನುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಉದ್ರಿ ಪುಸ್ತಕ ಮಗನ ಕೈಯಲ್ಲಿದ್ದರೆ ತಿನ್ನುತ್ತಾರೆ ಅಂತಲೇ ನನ್ನ ಊಹೆ. ದಿನಕ್ಕೆ ಇಬ್ಬರಿಗೂ ಎರಡೆರಡು ಅಂದರೆ ಇಪ್ಪತ್ತು ರೂಪಾಯಿ, ತಿಂಗಳಿಗೆ ಆರು ನೂರು. ನಾಲ್ಕೂವರೆ ಕಿಲೋ ಬೇಳೆಯ ದುಡ್ಡು! ಒಂದು ಪ್ಯಾಕೆಟ್‌ನಲ್ಲಿ ಹದಿನೈದು ಗ್ರಾಂ ಇದ್ದರೆ ಕಿಲೋಗೆ ಮುನ್ನೂರು ಮೇಲಾಯಿತು. ಶೇಂಗಾ ಅದರ ಅರ್ಧ ರೇಟಿಗೂ ಸಿಗುತ್ತದೆ. ಪೂರ್ತಿ ಬಂದ್ ಮಾಡಿದರೆ ಮಕ್ಕಳು ಕದ್ದು ತಿನ್ನುತ್ತಾರೆ. ಭಾನುವಾರ ಒಂದು ಇರಲಿ. ಉಳಿದ ದಿನ ಹುರಿದ ಶೇಂಗಾ, ಪುಟಾಣಿ (ಹುರಿಗಡಲೆ), ಬೆಲ್ಲ, ಸಂಜೆಗೆ ಮಂಡಕ್ಕಿಯ ಸುಸಲಾ. ಇದಕ್ಕೂ ದುಡ್ಡು ಬೇಕು, ಆದರೂ ಮುನ್ನೂರು ಉಳಿಯುತ್ತದೆ. ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಊಟದ ಜತೆ ಮೊಟ್ಟೆ ತಿನ್ನಲು ಹೇಳಿ. ಈಗ ವಾರಕ್ಕೆ ಆರು ದಿನ ಕೊಡುತ್ತಾರೆ. ಪೇಟೆಯ ಮಕ್ಕಳು ನಾಚಿಕೆಯಿಂದ ಬಿಟ್ಟು ಬರುತ್ತಾರೆ.

ಹಾಲಿಗೆ ಕೈ ಹಚ್ಚಬೇಡಿ. 2025ರ ಏಪ್ರಿಲ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ ಲೀಟರ್‌ಗೆ 42ರಿಂದ 46 ಆಯಿತು, ನಿಜ. ದಿನಕ್ಕೆ ಒಂದೂವರೆ ಲೀಟರ್ ತರುವವರಿಗೆ ತಿಂಗಳಿಗೆ 180 ಹೊರೆ. ದೊಡ್ಡವರ ಚಹಾ ಎರಡು ಸಲದಿಂದ ಒಂದಕ್ಕೆ ಬಂದರೆ ಅದು ಸರಿದೂಗುತ್ತದೆ. ಅತ್ತೆಯ ಚಹಾ ಬಿಟ್ಟು. ಕಾಯಿಪಲ್ಯಕ್ಕೆ ವಾರಕ್ಕೆರಡು ಸಲ ಕಣ್ಣಿ ಮಾರ್ಕೆಟ್‌ಗೆ ಸಂಜೆ ಹೋಗಿ, ಸೊಪ್ಪು ಆ ಹೊತ್ತಿಗೆ ಇಳಿದಿರುತ್ತದೆ. ಟೊಮೆಟೊ ಏರಿದ ತಿಂಗಳು ಟೊಮೆಟೊ ಬಿಡಿ, ನಮ್ಮ ಅಜ್ಜಿಯರ ಅಡುಗೆಯಲ್ಲಿ ಹುಳಿ ಅಂದರೆ ಹುಣಸೆಯೇ. ಸಾಬೂನು, ಪೇಸ್ಟು, ಶಾಂಪೂ, ಬಿಸ್ಕೀಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹದಿನೆಂಟರಿಂದ ಐದಕ್ಕೆ ಇಳಿದಿದೆ. ಹಳೇ ರೇಟಿನಲ್ಲೇ ಪುಸ್ತಕದಲ್ಲಿ ಬರೆದಿದ್ದಾರಾ, ಒಮ್ಮೆ ನೋಡಿ. ಶಾಂಪೂ ಮಾತ್ರ ದೊಡ್ಡ ಬಾಟಲಿಗಿಂತ ಸಣ್ಣ ಪುಡಿಕೆಯೇ ಎಷ್ಟೋ ಸಲ ಅಗ್ಗ ಬೀಳುತ್ತದೆ. ಯಾಕೆ ಅಂತ ಕೇಳಬೇಡಿ, ಎಂಎಲ್ ಭಾಗಿಸಿ ನೋಡಿ.

ಇದನ್ನೆಲ್ಲ ಮಾಡಿದರೆ ಹಳೇ 6,500ಕ್ಕೆ ಹೋಗುತ್ತೀರಾ? ಇಲ್ಲ. ಸುಳ್ಳು ಭರವಸೆ ಕೊಡಲಾರೆ. ಎಣ್ಣೆಯಲ್ಲಿ 320, ಪ್ಯಾಕೆಟ್‌ನಲ್ಲಿ 300, ರೊಕ್ಕ ಕೊಟ್ಟು ಕೊಳ್ಳುವುದರಿಂದ ನಾನ್ನೂರರ ತನಕ, ಸುಗ್ಗಿಯ ಖರೀದಿಯಿಂದ ವರ್ಷದ ಸರಾಸರಿಯಲ್ಲಿ ತಿಂಗಳಿಗೆ ಇನ್ನೂರು. ಹನ್ನೆರಡು ನೂರರ ಆಸುಪಾಸು. ಅದರಲ್ಲೂ ಬೇಳೆ ಕಾಳು ಹೆಚ್ಚಿಸಿದ್ದಕ್ಕೆ ನಾಲ್ಕೈದು ನೂರು ವಾಪಸ್ ಹೋಗುತ್ತದೆ, ಹೋಗಲಿ. ಉಳಿದ ಏರಿಕೆ ನಿಜವಾದ ಬೆಲೆ ಏರಿಕೆ, ಅದು ನಿಮ್ಮ ತಪ್ಪಲ್ಲ. ಕೇಂದ್ರ ಸರ್ಕಾರದ 2022-23ರ ಸಮೀಕ್ಷೆಯ ಪ್ರಕಾರ ಪೇಟೆಯ ಮನೆಗಳ ಖರ್ಚಿನಲ್ಲಿ ಊಟದ ಪಾಲು ನೂರಕ್ಕೆ 39. ನಿಮ್ಮದು ಆದಾಯದ ಅರ್ಧ. ಇಂಥ ಮನೆಯಲ್ಲಿ ಉಳಿತಾಯದ ಜಾಣತನಕ್ಕೂ ಒಂದು ಗಡಿ ಇದೆ. ಅದರಾಚೆಗೆ ಹೊಲಿಗೆಯ ಕೂಲಿ ಏರಿಸುವುದೊಂದೇ ದಾರಿ. ಬ್ಲೌಸಿಗೆ ಮೂರು ವರ್ಷದ ಹಿಂದಿನ ರೇಟೇ ತಗೊಳ್ಳುತ್ತಿದ್ದೀರಾ? ಹಾಗಿದ್ದರೆ ಈ ಉತ್ತರದಲ್ಲಿ ಮೊದಲು ಮಾಡಬೇಕಾದ ಕೆಲಸ ಅದು.

ಎಳ್ಳಮಾವಾಸ್ಯೆಗೆ ತವರಿಗೆ ಹೋಗುತ್ತೀರಿ ತಾನೇ? ಚರಗ ಚೆಲ್ಲಿ, ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ ಉಂಡು ಹೊಲದಲ್ಲಿ ಕುಳಿತಾಗ ಅಣ್ಣನಿಗೆ ಒಂದು ಚೀಲ ಹೇಳಿಟ್ಟು ಬನ್ನಿ. 2025ರ ಸೆಪ್ಟೆಂಬರ್‌ನಲ್ಲಿ ಮಳೆ ಎಷ್ಟೋ ಹೊಲ ಕೆಡಿಸಿತ್ತು, ಈ ಸಲ ಅವರದ್ದು ಹೇಗಿದೆ ಅಂತ ಮೊದಲು ಕೇಳಿ, ಆಮೇಲೆ ಚೀಲದ ಮಾತು. ಮುಂಗಡ ಸ್ವಲ್ಪ ಕೈಯಲ್ಲಿಡಿ. ಅತ್ತೆಯನ್ನೂ ಕರೆದುಕೊಂಡು ಹೋಗಿ. ಕೆಮ್ಮಣ್ಣು ಕಟ್ಟಿ ಬೇಳೆ ಮಾಡುವುದು ಅವರಿಗೆ ಖಂಡಿತ ಬರುತ್ತದೆ.